ಬಾರ್ಕೂರು ಕೋಟೆಗೆ ಒಂದು ಹಡಗಿನ ಕಥೆ ಬೇಕು

ನಮ್ಮ ಕರಾವಳಿಯಲ್ಲಿ ಹಳೇ ಕೋಟೆ ಯಾವುದಿದೆ ಅಂತ ಕೇಳಿ ನೋಡಿ, ಹೆಚ್ಚಿನವರು ಮಂಗಳೂರಿನ ಸುಲ್ತಾನ್ ಬತ್ತೇರಿ ಅನ್ನುತ್ತಾರೆ. ಅದಕ್ಕಿಂತ ನಾನೂರು ವರ್ಷ ಹಳೆಯದು ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರವೇ ಇದೆ, ಬಾರ್ಕೂರಿನಲ್ಲಿ. ಆ ಊರಿನ ಮಾತು ಬಂದರೂ 365 ದೇವಸ್ಥಾನ ಇತ್ತಂತೆ ಅನ್ನುವಲ್ಲಿಗೆ ಮುಗಿಯುತ್ತದೆ.

ನನ್ನ ತಕರಾರು ಇರುವುದೇ ಅಲ್ಲಿ. ಬಾರ್ಕೂರನ್ನು ಬೆಳೆಸಿದ್ದು ಬಂದರು. ತುಳುನಾಡಿನ ಅರಸರಾದ ಅಳುಪರು ಇಲ್ಲಿಂದ ಆಳಿದರು. ಆಮೇಲೆ ಹೊಯ್ಸಳ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಆಳಿದಳು (ಇವಳ ಹೆಸರು ಎಷ್ಟು ಜನರಿಗೆ ಗೊತ್ತು?). ವಿಜಯನಗರದವರು ಬಾರ್ಕೂರು ರಾಜ್ಯ ಅಂತಲೇ ಬೇರೆ ಪ್ರಾಂತ್ಯ ಮಾಡಿದರು, ಕೋಟೆ ಕಟ್ಟಿಸಿದ್ದು ಹರಿಹರರಾಯ ಅಂತ ಹೇಳುತ್ತಾರೆ. ಇಷ್ಟೆಲ್ಲ ರಾಜರು ಸುಮ್ನೆ ಬಂದು ಕೂತರಾ? ಸುಂಕ ಇತ್ತು, ಅಕ್ಕಿ ಇತ್ತು. ಶಾಸನಗಳಲ್ಲಿ ಬಾರಕೂರು ಗದ್ಯಾಣ ಅಂತ ಈ ಊರಿನ ಹೆಸರಿನ ನಾಣ್ಯವೇ ಸಿಗುತ್ತದೆ.

1342ರ ಸುಮಾರಿಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದು ಇಳಿದ 'ಫಾಕನೂರು' ಇದೇ ಬಾರ್ಕೂರು ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಅವನು ಬರೆದದ್ದು ಓದಿದರೆ ಮಜಾ ಇದೆ. ಇಲ್ಲಿನ ಕಬ್ಬನ್ನು ಹೊಗಳುತ್ತಾನೆ. ಊರಿನ ಒಡೆಯನ ಹತ್ತಿರ ಮೂವತ್ತರಷ್ಟು ಯುದ್ಧದ ಹಡಗು, ಅದರ ನಾಯಕ ಲೂಲಾ ಎನ್ನುವವನು ಶುದ್ಧ ಕಡಲುಗಳ್ಳ ಅನ್ನುತ್ತಾನೆ. ಈ ದಾರಿಯಲ್ಲಿ ಹೋಗುವ ಯಾವ ಹಡಗಾದರೂ ಇಲ್ಲಿ ಲಂಗರು ಹಾಕಿ ಬಂದರಿನ ಕಾಣಿಕೆ ಕೊಡಲೇಬೇಕು. ಕೊಡದೆ ಜಾರಿಕೊಂಡರೆ ಬೆನ್ನಟ್ಟಿ ಎಳೆದು ತಂದು ಎರಡರಷ್ಟು ವಸೂಲಿ. ಟೋಲ್ ಗೇಟಿನ ಗಲಾಟೆ ನಮಗೇನೂ ಹೊಸದಲ್ಲ ನೋಡಿ! ಆಮೇಲೆ ಪೋರ್ಚುಗೀಸರ ಕಾಲದಲ್ಲೂ ಇಲ್ಲಿಂದ ಅಕ್ಕಿ ತುಂಬಿದ ಹಡಗುಗಳು ಪರದೇಶಕ್ಕೆ ಹೋಗುತ್ತಿದ್ದವು.

ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಅನ್ನುವ ಅಳಿಯಕಟ್ಟಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಲ್ವಾ? ಅದೂ ಬಾರ್ಕೂರಿನದೇ. ಅಳಿಯ ಭೂತಾಳ ಪಾಂಡ್ಯ, ಬಲಿ ಕೇಳುವ ಭೂತ ಕುಂಡೋದರ, ಮಗನನ್ನು ಬಲಿ ಕೊಡಲು ಒಪ್ಪದ ಮಾವನ ಹೆಂಡತಿ, ತನ್ನ ಮಗನನ್ನೇ ಮುಂದೆ ಮಾಡಿದ ಮಾವನ ತಂಗಿ. ಅಷ್ಟಕ್ಕೂ ಕುಂಡೋದರ ಬಲಿ ಕೇಳಿದ್ದು ಯಾಕೆ? ಹೊಸ ಹಡಗನ್ನು ನೀರಿಗಿಳಿಸಲು. ಆ ಹಡಗನ್ನು ಬಿಟ್ಟು ಉಳಿದದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದೇವೆ.

ಕೋಟೆಯೊಳಗೆ ಈಗ ನಿಂತ ಗೋಡೆ ಅಂತ ಹೆಚ್ಚೇನಿಲ್ಲ. ಹುಲ್ಲಿನ ನಡುವೆ ಮುರಕಲ್ಲಿನ ಅಡಿಪಾಯ, ಕಂದಕ, ಅಲ್ಲಲ್ಲಿ ಕಲ್ಲು. ಗೈಡ್ ಇಲ್ಲದೆ ಹೋದವರಿಗೆ ತಲೆಬುಡ ಗೊತ್ತಾಗುವುದಿಲ್ಲ, ಹತ್ತು ನಿಮಿಷ ಸುತ್ತಿ ಕತ್ತಲೆ ಬಸದಿಯ ಮುಂದೆ ಫೋಟೋ ತೆಗೆದು ವಾಪಸ್.

ಹೋಗುವವರಿಗೆ ನನ್ನದೊಂದು ಸಲಹೆ. ಮೊದಲು ಹೊಳೆಬಾಯಿಯ ಬಂದರು ಹಂಗಾರಕಟ್ಟೆಗೆ ಹೋಗಿ, ಸೀತಾ ನದಿ ಸಮುದ್ರದ ಕಡೆ ತಿರುಗುವುದನ್ನು ನೋಡಿ, ಆಮೇಲೆ ಹೊಳೆಯ ಪಕ್ಕದಲ್ಲೇ ಮೇಲಕ್ಕೆ ಬಾರ್ಕೂರಿಗೆ ಬನ್ನಿ. ಕೋಟೆ ಅಲ್ಲೇ ಯಾಕಿದೆ ಅಂತ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮಾತ್ರ ಬೇಡ, ಹುಲ್ಲು ಜಾಸ್ತಿ, ಅಡಿಪಾಯ ಒಂದೂ ಕಾಣುವುದಿಲ್ಲ.