ಎರಡು ತಾಸು ಪಾಳಿ, ಮೂರು ನಿಮಿಷ ಜೋಕಾಲಿ

ಬೇಸಿಗೆ ಸೂಟಿ ಮುಗಿಯುತ್ತ ಬಂದಂತೆ ಕೊಪ್ಪಳದ ಚಹಾದಂಗಡಿಗಳಲ್ಲಿ ಒಂದು ಗಂಭೀರ ಪ್ರಶ್ನೆ ಎದ್ದಿದೆ. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದಲ್ಲ, ಅದು ವರ್ಷವರ್ಷದ್ದು. ಈ ಸಲದ್ದು: ಮನೆಮಂದಿಯೆಲ್ಲ ಕ್ರೂಸರ್ ಮಾಡಿಕೊಂಡು ಹೋಗಿಬರುವ ಆ ಥೀಮ್ ಪಾರ್ಕ್ ಮೊದಲಿನ ಹಾಗೇ ಇದೆಯೋ, ಕೆಟ್ಟು ಕೂತಿದೆಯೋ?

ಯಾವ ಪಾರ್ಕ್ ಎಂದು ಕೇಳಬೇಡಿ. ಒಂದರ ಹೆಸರು ಬರೆದರೆ ಉಳಿದವರು ‘ನಮ್ಮನ್ಯಾಕ ಬಿಟ್ರಿ’ ಎಂದು ಮುನಿಸಿಕೊಳ್ಳುತ್ತಾರೆ.

“ಮೊದ್ಲು ಎಷ್ಟ್ ಚಂದ ಇತ್ತು. ಒಂದೊಂದ್ ಆಟ ಮೂರ್ ಮೂರ್ ಸರ್ತಿ ಆಡಿ ಬರ್ತಿದ್ವಿ.”

“ಈಗ ಮಂದಿ ಹೆಚ್ಚಾಗ್ಯಾರಲ್ರೀ ಮಾಸ್ತರ್. ಪಾಳಿ ಇದ್ದ ಇರ್ತೈತಿ. ಪಾರ್ಕಿನವ್ರು ಏನ್ ಮಾಡ್ಬೇಕು?”

“ಮಂದಿ ಹೆಚ್ಚಾದ್ರ ರೊಕ್ಕಾನೂ ಹೆಚ್ಚಾಗಿರ್ಬೇಕಲ್ಲಪಾ. ಅದೆಲ್ಲಿ ಹೋತು?”

ಚಹಾ ಮುಗಿಯುವಷ್ಟರಲ್ಲಿ ವಾದ ಸಮಬಲ. ಮಾಸ್ತರರಿಗೆ ಮೊದಲಿದ್ದ ಎಲ್ಲವೂ ಚಂದ: ಪಾರ್ಕು, ಹಾಲು, ಎಸ್ಸೆಸ್ಸೆಲ್ಸಿ ರಿಸಲ್ಟು. ಎದುರು ಕೂತ ಸಾಹುಕಾರರಿಗೆ ಎಲ್ಲ ರೋಗಕ್ಕೂ ಜನಸಂಖ್ಯೆಯೇ ಕಾರಣ. ಪಾರ್ಕಿನಲ್ಲಿ ಜೋಕಾಲಿಯ ಹಾಗೆ ತೂಗುವ ಕೊಲಂಬಸ್ ಹಡಗಿನ ಮುಂದೆ ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತಿದ್ದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು.

ಹಡಗಿನಲ್ಲಿ 40 ಸೀಟು ಎಂದು ಹಿಡಿಯಿರಿ. ತೂಗುವುದು 3 ನಿಮಿಷ. ಆಟ ನಡೆಸಲು ಮೂವರು ಹುಡುಗರಿದ್ದ ಕಾಲಕ್ಕೆ ಒಬ್ಬ ಗೇಟಿಗೆ, ಒಬ್ಬ ಎಡಗಡೆಯ ಸಾಲಿನ ಅಡ್ಡಗಂಬಿ ಎಳೆದು ನೋಡಲು, ಮತ್ತೊಬ್ಬ ಬಲಗಡೆಗೆ. ಇಳಿಸಿ ಹತ್ತಿಸುವುದು 2 ನಿಮಿಷದ ಕೆಲಸ. ಒಟ್ಟು ಐದು ನಿಮಿಷಕ್ಕೊಂದು ಸುತ್ತು, ತಾಸಿಗೆ 12 ಸುತ್ತು, 480 ಜನ.

ಈಗ ಇರುವವನು ಒಬ್ಬನೇ. ಗೇಟು ತೆಗೆಯುವವನೂ ಅವನೇ. ಜನ ಇಳಿಯುವ ತನಕ ನಿಂತು, ಹೊಸಬರನ್ನು ಎಣಿಸಿ ಒಳಗೆ ಬಿಟ್ಟು, ಒಂದೊಂದೇ ಸಾಲಿನ ಕಂಬಿ ಅಲುಗಾಡಿಸಿ, ಮೆಟ್ಟಿಲಿಳಿದು ಬಂದು ಇನ್ನೇನು ಹಸಿರು ಗುಂಡಿ ಒತ್ತಬೇಕು, ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಗೆ ಇಳಿಯುವ ಮನಸ್ಸಾಗುತ್ತದೆ. ಮತ್ತೆ ಮೆಟ್ಟಿಲು, ಮತ್ತೆ ಕಂಬಿ. ಇಳಿಸಿ ಹತ್ತಿಸುವುದಕ್ಕೇ 7 ನಿಮಿಷ, ಸುತ್ತಿಗೆ 10 ನಿಮಿಷ, ತಾಸಿಗೆ 6 ಸುತ್ತು. 240 ಜನ. ಹಡಗು ಅದೇ, ಮೋಟರು ಅದೇ, ಕರೆಂಟ್ ಬಿಲ್ಲು ಮಾತ್ರ ಸ್ವಲ್ಪ ಕಡಿಮೆ. ನೀರೇ ಇಲ್ಲದ ಜಾಗದಲ್ಲಿ ಅರ್ಧ ಹಡಗು ಮುಳುಗಿಹೋಯಿತು!

ಪಾರ್ಕಿನ ಖಾತೆಯಲ್ಲಿ ಇದಕ್ಕೆ ‘ಸಿಬ್ಬಂದಿ ವೆಚ್ಚದಲ್ಲಿ ಉಳಿತಾಯ’ ಎಂದು ಹೆಸರು. ಇಬ್ಬರು ಹುಡುಗರ ದಿನಗೂಲಿ ಜಮಾ ಬಾಜೂಕ್ಕೆ ಬಿತ್ತು. ತಾಸಿಗೆ 240 ಜನ ಹೆಚ್ಚಿಗೆ ನಿಂತ ಖರ್ಚನ್ನು ಬರೆಯಲು ಆ ಖಾತೆಯಲ್ಲಿ ಕಾಲಂ ಇಲ್ಲ. ಅದು ನಿಂತವರ ಮೊಣಕಾಲಿನ ಖಾತೆ.

ಇಷ್ಟಕ್ಕೇ ಬಿಟ್ಟಿದ್ದರೆ ಜಿಪುಣತನ ಎನ್ನಬಹುದಿತ್ತು. ಪಾಳಿ ಬೆಳೆಸಿದ ಮೇಲೆ ಪಾಳಿ ತಪ್ಪಿಸುವ ಟಿಕೆಟ್ ಮಾರಲು ಶುರುಮಾಡಿದರಲ್ಲ, ಅಲ್ಲಿಂದ ಇದು ವಿದ್ಯೆಯಾಯಿತು. ಫಾಸ್ಟ್ ಟ್ರ್ಯಾಕ್ ಪಟ್ಟಿ ಕೈಗೆ ಕಟ್ಟಿಕೊಂಡವರಿಗೆ ಪ್ರತಿ ಸುತ್ತಿಗೆ 25 ಸೀಟು. ಉಳಿದ 15 ಸಾಮಾನ್ಯರಿಗೆ. ಆರು ಸುತ್ತಿಗೆ 90 ಜನ. ನಿಮ್ಮ ಮುಂದೆ 180 ತಲೆ ಇವೆ ಎನ್ನಿ. ಮೊದಲಾಗಿದ್ದರೆ ತಾಸಿಗೆ 480ರ ಲೆಕ್ಕದಲ್ಲಿ 23 ನಿಮಿಷದೊಳಗೆ ನಿಮ್ಮ ಪಾಳಿ ಬರುತ್ತಿತ್ತು. ಈಗ ಬರೋಬ್ಬರಿ ಎರಡು ತಾಸು. ಗಮನಿಸಿ, ಪಾಳಿಯ ಉದ್ದ ಒಂದು ಗೇಣೂ ಬೆಳೆದಿಲ್ಲ. ಅದೇ 180 ಮಂದಿ, ಅದೇ ತಗಡಿನ ನೆರಳು. ‘ಮಂದಿ ಹೆಚ್ಚಾಗ್ಯಾರ’ ಎನ್ನುವ ಸಾಹುಕಾರರು ಸೋತಿದ್ದು ಇಲ್ಲಿ. ಪಾಳಿಯ ನಡುವೆ ಇರುವ ‘ಇಲ್ಲಿಂದ 20 ನಿಮಿಷ’ ಎಂಬ ಬೋರ್ಡು ಮೂವರು ಹುಡುಗರಿದ್ದ ಕಾಲದ್ದು. ಅದನ್ನು ಬದಲಿಸಿಲ್ಲ, ಪಾಪ, ಪುರಾತತ್ವದ ಮೇಲಿನ ಗೌರವ.

ಇನ್ನಿಬ್ಬರು ಹುಡುಗರನ್ನು ನೇಮಿಸಿದರೆ ಸರಿಹೋಗುತ್ತದಲ್ಲ ಎಂದು ಕೇಳುವವರು ವ್ಯಾಪಾರ ಅರಿಯದವರು. ಪಾಳಿ ಸರಸರ ನಡೆದರೆ ಫಾಸ್ಟ್ ಟ್ರ್ಯಾಕ್ ಕೊಳ್ಳುವ ಹುಚ್ಚ ಯಾರು? ಪಾರ್ಕಿನಲ್ಲಿ ಈಗ ಮಾರಾಟಕ್ಕಿರುವ ಸರಕು ಆಟವಲ್ಲ, ಬಿಸಿಲು. ಮೇ ತಿಂಗಳ ಕೊಪ್ಪಳದವರಿಗೆ ಬಿಸಿಲನ್ನು ರೊಕ್ಕಕ್ಕೆ ಮಾರುವುದೆಂದರೆ ಸಣ್ಣ ಸಾಹಸವೇ?

ಇದರ ಮೂಲ ನಮ್ಮದಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಬಹುಕಾಲ ಅಲ್ಲಿ ಆಟಕ್ಕೊಂದು ಚೀಟಿ ಹರಿದುಕೊಡುವ ಟಿಕೆಟ್ ಪುಸ್ತಕಗಳಿದ್ದವು, ಎ ದರ್ಜೆಯ ಚೀಟಿಗೆ ಸಣ್ಣ ಆಟ, ಇ ದರ್ಜೆಗೆ ದೊಡ್ಡದು. 1982ರ ಹೊತ್ತಿಗೆ ಅದು ಹೋಗಿ, ಒಮ್ಮೆ ಒಳಗೆ ಬಂದರೆ ಎಲ್ಲವೂ ನಿಮ್ಮದೇ ಎಂಬ ಪದ್ಧತಿ ಬಂತು. 1999ರಲ್ಲಿ ಬಂದ, ಪಾಳಿ ತಪ್ಪಿಸುವ ಫಾಸ್ಟ್‌ಪಾಸ್ ಪುಕ್ಕಟೆ. ಚೀಟಿ ತಗೊಂಡು, ಹೇಳಿದ ಹೊತ್ತಿಗೆ ತಿರುಗಿ ಬಂದರೆ ಆಯಿತು. 2021ರಲ್ಲಿ ಅದರ ಜಾಗಕ್ಕೆ ರೊಕ್ಕ ಕೊಟ್ಟು ಕೊಳ್ಳುವ ವ್ಯವಸ್ಥೆ ಬಂತು. ಅಂದಿನಿಂದ ಅಲ್ಲಿನ ಹಳೇ ಅಭಿಮಾನಿಗಳೂ ನಮ್ಮ ಮಾಸ್ತರರ ದನಿಯಲ್ಲೇ ಗೊಣಗುತ್ತಿದ್ದಾರೆ. ಆ ಪುಕ್ಕಟೆ ಚೀಟಿಗೆ ಬೆಲೆ ಕಟ್ಟಲು ಅವರಿಗೆ 22 ವರ್ಷ ಹಿಡಿಯಿತು. ನಮ್ಮವರು ಪುಕ್ಕಟೆಯ ಅಧ್ಯಾಯವನ್ನೇ ಹಾರಿಸಿ ನೇರ ರೊಕ್ಕದ ಅಧ್ಯಾಯ ತೆರೆದರು. ಹಿಂದುಳಿದ ಪ್ರದೇಶ ಎಂದು ಇನ್ನು ಯಾರೂ ಅನ್ನುವಂತಿಲ್ಲ.

ಪಾಳಿ ನಡೆಸುವುದು ಹೇಗೆಂದು ಕಲಿಯಲು ಅನಾಹೈಮ್‌ಗೆ ಹೋಗುವುದೂ ಬೇಕಿಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದರೆ ಸಾಕು. ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ, ಮಾದ್ಲಿ ಬರುತ್ತದೆ, ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಂಡು ಏಳುತ್ತಾರೆ. ಟಿಕೆಟ್ ಇಲ್ಲ, ಕೈಗೆ ಪಟ್ಟಿ ಇಲ್ಲ. ಗುಟ್ಟು ಬಹಳ ಸರಳ: ಬಡಿಸುವ ಕೈ ಹೆಚ್ಚು, ಬಡಿಸುವ ಜಾಗ ಹತ್ತಾರು. ತಟ್ಟೆ ಹಿಡಿದವನು ನಿಂತಲ್ಲೇ ನಿಂತರೆ ಹಿಂದಿನ ಅವ್ವನೇ “ಸರೀಪಾ ತಮ್ಮಾ ಮುಂದ” ಎಂದು ಬೆನ್ನಿಗೆ ಕೈ ಹಾಕುತ್ತಾಳೆ. ಅಲ್ಲಿ ಪಾಳಿ ನಿಂತರೆ ಯಾರಿಗೂ ಲಾಭವಿಲ್ಲ. ಅದಕ್ಕೇ ನಿಲ್ಲುವುದಿಲ್ಲ.

ಅದೇ ಜಾತ್ರೆಯ ಬಯಲಲ್ಲಿ ಜಾಯಿಂಟ್ ವ್ಹೀಲ್ ನಡೆಸುವವನನ್ನು ಸ್ವಲ್ಪ ಹೊತ್ತು ನೋಡಿ. ತೊಟ್ಟಿಲುಗಳನ್ನು ಅವನು ಸಾಲಾಗಿ ತುಂಬುವುದಿಲ್ಲ. ಒಂದು ತುಂಬಿಸಿ, ಚಕ್ರ ಅರ್ಧ ತಿರುಗಿಸಿ, ಅದರ ಎದುರಿನ ತೊಟ್ಟಿಲು ತುಂಬಿಸುತ್ತಾನೆ. ಆಮೇಲೆ ಅದರ ಪಕ್ಕದ್ದು, ಮತ್ತೆ ಅದರ ಎದುರಿನದು. ಒಂದೇ ಬದಿಗೆ ಭಾರ ಬಿದ್ದರೆ ಏರುವಾಗ ಮೋಟರು ತಿಣುಕುತ್ತದೆ, ಇಳಿಯುವಾಗ ಚಕ್ರ ತಾನೇ ಓಡುತ್ತದೆ, ಬ್ರೇಕು ಹಿಡಿದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅವನ ಕಣ್ಣೇ ತಕ್ಕಡಿ. “ಸಾವ್ಕಾರ್ರು ಒಬ್ರ ಇಲ್ಲಿ ಕುಂಡ್ರಿ. ಏ, ನೀವು ಮೂರೂ ಹುಡುಗ್ರು ಆ ಕಡೆ ಬರ್ರಿ.” ಅವಮಾನಕ್ಕೆ ಅವಕಾಶವೇ ಇಲ್ಲದಷ್ಟು ಬೇಗ ಮುಗಿಯುತ್ತದೆ. ತಿರುಗಿದಷ್ಟು ಸುತ್ತಿಗಷ್ಟೇ ಅವನಿಗೆ ಕಾಸು. ಖಾಲಿ ನಿಂತ ಚಕ್ರ ಅವನ ಹೊಟ್ಟೆಗೆ ಹೊಡೆತ. ಪಾರ್ಕಿನವರದು ಉಲ್ಟಾ, ರೊಕ್ಕ ಮುಂಜಾನೆ ಗೇಟಿನಲ್ಲೇ ಬಂದಾಯಿತು. ಆಮೇಲೆ ತಿರುಗುವ ಪ್ರತಿ ಸುತ್ತೂ ಬರೀ ಖರ್ಚು. (ಜಾತ್ರೆಯವನನ್ನು ಹೊಗಳುತ್ತ ಹೊಗಳುತ್ತ ಅವನ ತೊಟ್ಟಿಲಿನ ಬಾಗಿಲಿಗೆ ಇರುವುದು ಒಂದು ಸರಪಳಿ, ಒಂದು ಕೊಕ್ಕೆ ಎಂಬುದನ್ನು ಮರೆಯಬಾರದು. ಆ ವಿಷಯ ಅವನು ಗವಿಸಿದ್ಧೇಶ್ವರನಿಗೆ ಬಿಟ್ಟಿದ್ದಾನೆ.)

ಲೆಕ್ಕ ಮುಗಿಸಿಬಿಡೋಣ. ಟಿಕೆಟ್ ಸಾವಿರ ರೂಪಾಯಿ ಎನ್ನಿ. ಹತ್ತಕ್ಕೆ ಒಳಗೆ, ಆರಕ್ಕೆ ಹೊರಗೆ. ನಡುವೆ ಎರಡೆರಡು ತಾಸಿನ ಮೂರು ಪಾಳಿ ಹಚ್ಚಿದರೆ ಒಟ್ಟು ಆಟ 9 ನಿಮಿಷ. ನಿಮಿಷಕ್ಕೆ 111 ರೂಪಾಯಿ.

ಹಾಗಾದರೆ ಉಳಿತಾಯದ ಹುಡುಗರೆಲ್ಲ ಎಲ್ಲಿ ಹೋದರು? ಗೇಟಿಗೆ ಬನ್ನಿ, ಅಲ್ಲಿದ್ದಾರೆ. ಕೊಲಂಬಸ್‌ನ 40 ಸೀಟುಗಳಿಗೆ ಒಬ್ಬ. ಬುತ್ತಿ ಹುಡುಕುವುದಕ್ಕೆ ನಾಲ್ವರು. ಹೊರಗಿನ ಆಹಾರ ನಿಷಿದ್ಧ. ಪ್ಲಾಸ್ಟಿಕ್ ಡಬ್ಬಿಯಾದರೆ ಹೇಗೋ ಬಟ್ಟೆಯೊಳಗೆ ಅಡಗೀತು. ಖಡಕ್ ರೊಟ್ಟಿಗೆ ಆ ಭಾಗ್ಯವಿಲ್ಲ, ಮುಟ್ಟಿದರೆ ‘ಕಟ್’ ಎಂದು ತನ್ನ ಗುಟ್ಟು ತಾನೇ ಹೇಳುತ್ತದೆ. ಶೇಂಗಾ ಚಟ್ನಿಪುಡಿಯ ವಾಸನೆಗಂತೂ ನಾಯಿಯೂ ಬೇಕಿಲ್ಲ. ಗಂಟು ಕಸಿದು, ಟೋಕನ್ ಕೊಟ್ಟು, ಹೋಗುವಾಗ ಒಯ್ಯಿರಿ ಎನ್ನುತ್ತಾರೆ. ಇಷ್ಟು ನಿಷ್ಠೆಯಿಂದ ಒಂದು ನಟ್ಟು ಬೋಲ್ಟು ಮುಟ್ಟಿ ನೋಡಿದ್ದರೆ!

ನಟ್ಟು ಬೋಲ್ಟಿನ ಮಾತು ಬಂತು. ಗೇಟು ತೆರೆಯುವ ಮೊದಲು ಪ್ರತಿ ಆಟವನ್ನೂ ಮುಂಜಾನೆ ಖಾಲಿ ಓಡಿಸಬೇಕು; ಸದ್ದು ಕೇಳಬೇಕು, ಎಣ್ಣೆ ಸೋರಿದ ಕಲೆ ನೋಡಬೇಕು, ಬ್ರೇಕು ಹಾಕಿ ನಿಲ್ಲುವ ಜಾಗ ನೋಡಬೇಕು, ಎಲ್ಲ ಕಂಬಿ ಎಳೆಯಬೇಕು, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಹಿಯಂತೂ ತಪ್ಪುವುದಿಲ್ಲ. 30 ದಿನದ್ದೂ ಒಂದೇ ಪೆನ್ನು, ಒಂದೇ ಇಳಿಜಾರು. ಪಾರ್ಕಿಗೇ ರಜೆ ಇದ್ದ ದಿನವೂ ಹಾಜರು.

ಇನ್ನು ನೀರು. ಬಿಸಿಲೂರಿನ ಮಂದಿ ಪಾರ್ಕಿಗೆ ಹೋಗುವುದೇ ಅಲೆಗಳ ಕೊಳಕ್ಕೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಘಾಟು ಹೊಡೆಯುತ್ತದೆ. “ಔಷಧಿ ಭಾಳ ಹಾಕ್ಯಾರ, ಸ್ವಚ್ಛ ಐತಿ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಸತ್ಯ ತಿರುಗಾಮುರುಗಾ ಇದೆ. ಸರಿಯಾಗಿ ಕ್ಲೋರಿನ್ ಇರುವ ನೀರು ಅಷ್ಟು ನಾರುವುದೇ ಇಲ್ಲ. ಕ್ಲೋರಿನ್ನು ಬೆವರಿನ ಜೊತೆ, ಮಕ್ಕಳು ನೀರಲ್ಲೇ ಮುಗಿಸಿದ ಕೆಲಸದ ಜೊತೆ ಕೂಡಿ ಹುಟ್ಟುವ ಕ್ಲೋರಮೈನ್‌ನದು ಆ ಘಾಟು; ಕಣ್ಣು ಕೆಂಪಾಗುವುದೂ ಅದರಿಂದಲೇ. ಘಾಟು ಬಂತೆಂದರೆ ಔಷಧಿ ಸಾಲದಾಗಿದೆ ಎಂದರ್ಥ.

ಸಾಲುವುದಾದರೂ ಹೇಗೆ? ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಬಳಕೆಗೆ ಉಳಿದಿರಬೇಕು, ನೀರಿನ ಹುಳಿ-ಕ್ಷಾರದ ಅಳತೆ ಪಿಎಚ್ 7.2ರಿಂದ 7.8ರ ಒಳಗಿರಬೇಕು. ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಬಿಸಿಲಿನಿಂದ ಕ್ಲೋರಿನ್ ಕಾಯುವ ಸಯನ್ಯೂರಿಕ್ ಆಮ್ಲ ಬೆರೆಸದ ಬಯಲು ಕೊಳದಲ್ಲಿ ನೆತ್ತಿಯ ಬಿಸಿಲು ಎರಡು ತಾಸಿನಲ್ಲಿ ಬಹುಪಾಲನ್ನು ತಿಂದುಹಾಕುತ್ತದೆ. ಒಂಬತ್ತಕ್ಕೆ ಸುರಿದ ಪುಡಿ, ಹನ್ನೆರಡಕ್ಕೆ ಕೊಳ ತುಂಬಾ ತಲೆಗಳಿರುವಾಗ, ಹೆಸರಿಗಷ್ಟೇ ಉಳಿದಿರುತ್ತದೆ. ಆದ್ದರಿಂದ ದಿನಕ್ಕೆ ಹಲವು ಸಲ ಪರೀಕ್ಷೆ ಮಾಡಬೇಕು. ಕಷ್ಟವೇನಿಲ್ಲ: ಗಾಜಿನ ನಳಿಕೆಯಲ್ಲಿ 10 ಮಿಲಿಲೀಟರ್ ನೀರು, ಕ್ಲೋರಿನ್ ಇದ್ದರೆ ಬಣ್ಣ ತೋರುವ ಒಂದು ಡಿಪಿಡಿ ಗುಳಿಗೆ, ಕರಗುತ್ತಲೇ ಗುಲಾಬಿ ಬಣ್ಣ, ಅದನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ಅಂಕಿ ಓದುವುದು. ಬಂದ ಅಂಕಿಯನ್ನು ಕೊಳದ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು.

ನಮ್ಮಲ್ಲಿ ಹಲಗೆ ಇದೆ. ‘ಇಂದಿನ ಕ್ಲೋರಿನ್ 2.0, ಪಿಎಚ್ 7.4.’ ಬಿಳಿ ಎಣ್ಣೆಬಣ್ಣದಲ್ಲಿ, ಹಳದಿ ಅಂಚು ಕಟ್ಟಿ, ಮೂಲೆಯಲ್ಲಿ ಪೇಂಟರಿನ ಸಹಿ ಸಮೇತ. ಬಿಸಿಲಿಗೆ ಕ್ಲೋರಿನ್ ಹೋದೀತು, ಅಂಕಿ ಹೋಗದು. ಮಾಸಿದರೆ ದೀಪಾವಳಿಗೆ ಇನ್ನೊಂದು ಕೈ ಬಳಿಯುತ್ತಾರೆ.

ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕೆಂಬ ನಿಯಮವನ್ನೂ ಜನ ಬೈಯುತ್ತಾರೆ, ಅದು ತಪ್ಪು. ಹತ್ತಿಬಟ್ಟೆಯ ಎಳೆ ನೀರಿಗೆ ಬಿಟ್ಟುಕೊಂಡು ಫಿಲ್ಟರಿಗೆ ಮೆತ್ತುತ್ತದೆ, ಪಂಪು ಉಸಿರುಗಟ್ಟುತ್ತದೆ. ನಿಯಮ ಸರಿ. ಅದನ್ನು ಒಂದು ಸಾಲಿನಲ್ಲಿ ತಿಳಿಹೇಳದೆ ‘ಬಾಡಿಗೆ 100, ಠೇವಣಿ 100’ ಎಂದಷ್ಟೇ ಬರೆದರೆ ಯಾರು ನಂಬುತ್ತಾರೆ?

ಅನುಭವ ಇಳಿದಿದೆ ಎಂಬ ದೂರು ಆಡಳಿತಕ್ಕೆ ಮುಟ್ಟದೆ ಇಲ್ಲ. ಮುಟ್ಟಿ, ಅದಕ್ಕೆ ಪರಿಹಾರವಾಗಿ ಏಳು ಡೈನೊಸಾರ್ ಬಂದಿವೆ. ಫೈಬರಿನವು. ಒಂದರ ದವಡೆಗೆ ಮೋಟರು, ಹೊಟ್ಟೆಯಲ್ಲಿ ಸ್ಪೀಕರು. ದವಡೆ ಎರಡನೇ ವಾರಕ್ಕೆ ಸಿಕ್ಕಿಕೊಂಡಿತು, ಸ್ಪೀಕರು ನಡೆದಿದೆ. ಈಗ ಅದು ಬಾಯಿ ಮುಚ್ಚಿಕೊಂಡೇ ಗರ್ಜಿಸುತ್ತದೆ. ಪಕ್ಕದಲ್ಲಿ ‘ಸೆಲ್ಫಿ ಪಾಯಿಂಟ್’. ಲೆಕ್ಕ ಗೊತ್ತಿದ್ದವರ ಆಯ್ಕೆ ಇದು: ಆಪರೇಟರ್ ಬೇಡ, ಬ್ರೇಕು ಬೇಡ, ಮುಂಜಾನೆಯ ಖಾಲಿ ಓಟ ಬೇಡ, ತಾಸಿಗೆ ಎಷ್ಟು ಜನ ಎಂದು ಯಾರೂ ಎಣಿಸುವುದಿಲ್ಲ. ಸೆಲ್ಫಿಗೆ ಬೇಕಾದ ಹುಡುಗನನ್ನು ಗಿರಾಕಿಯೇ ಮನೆಯಿಂದ ಕರೆತರುತ್ತಾನೆ.

ಹೊರಹೋಗುವ ದಾರಿಯಲ್ಲಿ ಐದು ಮುಖದ ಯಂತ್ರವಿದೆ, ಅಳುಮೋರೆಯಿಂದ ನಗೆಮೊಗದವರೆಗೆ. ಕೆಂಪು ಅಳುಮೋರೆಯ ಗುಂಡಿ ಒತ್ತಿ ಒತ್ತಿ ಒಳಗೆ ಕುಸಿದಿದೆ. ಕುಸಿದ ಗುಂಡಿ ಎಣಿಕೆಗೆ ಬರುವುದಿಲ್ಲ. ಹಾಗಾಗಿ ಮಾಸಿಕ ವರದಿಯಲ್ಲಿ ಅತೃಪ್ತರ ಸಂಖ್ಯೆ ಸೊನ್ನೆ.

ಅದರಾಚೆ ಟೋಕನ್ ಕಿಟಕಿ. ಇಲ್ಲೂ ಪಾಳಿ, ಇಲ್ಲೂ ಒಬ್ಬನೇ. ಮುಂಜಾನೆ ಕಸಿದ ಗಂಟುಗಳೆಲ್ಲ ಒಂದರ ಮೇಲೊಂದು ಒಟ್ಟಿ, ನಮ್ಮ ಮಾಸ್ತರರದು ಎಲ್ಲಕ್ಕಿಂತ ಕೆಳಗೆ. ಎಳೆದು ಕೊಟ್ಟ ಹುಡುಗ ಅರಿವೆಯ ಮೇಲೆ ಕೈಯಾಡಿಸಿ ನೋಡಿದ. ‘ಕಟ್’ ಎನ್ನಲಿಲ್ಲ, ‘ಪರ್’ ಎಂದಿತು.

“ಪುಡಿ ಆಗ್ಯಾವ್ರೀ ಅಜ್ಜಾರ. ಮನಿಗೆ ಹೋಗಿ ಹಾಲಾಗ ಕಲಸ್ಕೊಂಡು ಉಣ್ರಿ.”