ಆಲ್ಪ್ಸ್‌ನ ಕಿರುದಾರಿ, ಸೈಕಲ್ಲು ಮತ್ತು ನಮ್ಮೂರಿನ ಉಣುಗೋಲು

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಾಲ್ಕು ವರ್ಷ ಇದ್ದು, ಈಗ ಆರು ವರ್ಷಗಳಿಂದ ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಪ್ರಾಂತದ ರಾಜಧಾನಿ ಕೂರ್‌ನಲ್ಲಿ ನೆಲೆಸಿರುವ ನಾನು, ರಜೆ ಸಿಕ್ಕಿದಾಗಲೆಲ್ಲ ಮೌಂಟನ್ ಬೈಕ್ ಹತ್ತಿ ಕಾಡು ಸೇರುವವನು. ಎರಡೂ ಊರುಗಳ ಸುತ್ತ ಇರುವುದು ಅದೇ ಸ್ಪ್ರೂಸ್ ಮತ್ತು ಲಾರ್ಚ್ ಮರಗಳ ಕಾಡು, ಅದೇ ಬೇರು ಬಂಡೆಗಳ ಕಿರುದಾರಿ, ಮರಗಳು ಮುಗಿದ ಎತ್ತರದಲ್ಲಿ ದನ ಮೇಯುವ ಅದೇ ಹುಲ್ಲುಗಾವಲು. ಆದರೆ ಆ ದಾರಿಯಲ್ಲಿ ಸೈಕಲ್ಲಿಗೆ ಇರುವ ಹಕ್ಕು ಮಾತ್ರ ಗಡಿ ದಾಟಿದೊಡನೆ ತಿರುವುಮುರುವಾಗುತ್ತದೆ. ಇನ್ಸ್‌ಬ್ರುಕ್ ಇರುವ ಟಿರೋಲ್ ರಾಜ್ಯದಲ್ಲಿ ಅನುಮತಿ ಕೊಟ್ಟ ದಾರಿಗಳನ್ನು ಬಿಟ್ಟು ಉಳಿದದ್ದೆಲ್ಲ ನಿಷಿದ್ಧ. ಗ್ರೌಬ್ಯುಂಡೆನ್‌ನಲ್ಲಿ ನಿಷೇಧದ ಫಲಕವಿರುವ ದಾರಿಗಳನ್ನು ಬಿಟ್ಟು ಉಳಿದದ್ದೆಲ್ಲ ಮುಕ್ತ. ಎರಡನ್ನೂ ಅನುಭವಿಸಿದ ಮೇಲೆ ನನಗೆ ಎರಡನೆಯದೇ ಮೇಲೆನಿಸಿದೆ. ಆದರೆ ಅದು ಏಕೆ ನಡೆಯುತ್ತಿದೆ ಎಂಬುದನ್ನು ತಿಳಿಯದೆ ಹೊಗಳಿದರೆ ನಮ್ಮ ಊರಿನವರಿಗೆ ಅದರಿಂದ ಉಪಯೋಗವಿಲ್ಲ.

ಆಸ್ಟ್ರಿಯಾದ 1975ರ ಅರಣ್ಯ ಕಾಯ್ದೆಯ 33ನೆಯ ಕಲಮು, ವಿಹಾರಕ್ಕಾಗಿ ಕಾಡಿನಲ್ಲಿ ಕಾಲ್ನಡಿಗೆಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಸೈಕಲ್ಲಿಗೆ ಮಾತ್ರ ಕಾಡಿನ ಮಾಲೀಕರ ಅಥವಾ ಕಾಡುರಸ್ತೆಯ ಹೊಣೆ ಹೊತ್ತವರ ಒಪ್ಪಿಗೆ ಬೇಕು. ಈ ಬಿಗಿ ನಿಯಮದೊಳಗೇ ದಾರಿ ಹುಡುಕಿದ ಟಿರೋಲ್, 1997ರಿಂದ ಒಪ್ಪಂದದ ಪದ್ಧತಿಯೊಂದನ್ನು ಬೆಳೆಸಿದೆ. ಮಾಲೀಕರೊಡನೆ ಒಂದೊಂದು ದಾರಿಗೂ ಕರಾರು ಮಾಡಿಕೊಳ್ಳಲಾಗುತ್ತದೆ, ಅವರಿಗೆ ಹಣ ಸಲ್ಲುತ್ತದೆ, ಅಪಘಾತದ ಹೊಣೆಗೆ ವಿಮೆ ಇರುತ್ತದೆ, ಆಮೇಲಷ್ಟೇ ಸೈಕಲ್ ಚಿತ್ರದ ಫಲಕ ನಿಲ್ಲುತ್ತದೆ. ಅಲ್ಲಿಗೆ ಹೋದ ಮೊದಲ ಬೇಸಿಗೆಯಲ್ಲಿ ಫಲಕವಿಲ್ಲದ ದಾರಿಯೊಂದರಲ್ಲಿ ಇಳಿಯುತ್ತಿದ್ದ ನನ್ನನ್ನು ವಯಸ್ಸಾದ ರೈತರೊಬ್ಬರು ತಡೆದು ನಿಲ್ಲಿಸಿ, "ನೀವು ಬಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದವನು ನಾನು" ಎಂದಿದ್ದರು. ಆಗ ನನಗೆ ಅದು ಜಿಪುಣತನವಾಗಿ ಕಂಡಿತು. ಅವರ ಭಯಕ್ಕೆ ಕಾರಣವಿದೆ ಎಂದು ತಿಳಿದದ್ದು ಆಮೇಲೆ. 2014ರಲ್ಲಿ ಅಲ್ಲಿಯ ಪಿನ್ನಿಸ್ ಕಣಿವೆಯ ಹುಲ್ಲುಗಾವಲಿನಲ್ಲಿ ನಾಯಿಯೊಡನೆ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರು ದನಗಳ ದಾಳಿಗೆ ಸಿಕ್ಕಿ ಸತ್ತರು. ದನಗಳ ಒಡೆಯನ ಮೇಲಿನ ಮೊಕದ್ದಮೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2020ರಲ್ಲಿ ಅರ್ಧದಷ್ಟು ಹೊಣೆ ಅವನದೇ ಎಂದು ತೀರ್ಮಾನವಾಯಿತು. ಟಿರೋಲ್‌ನಲ್ಲಿ ಕಾಡು ಮತ್ತು ಹುಲ್ಲುಗಾವಲಿನ ದೊಡ್ಡ ಪಾಲು ರೈತರ ಹಾಗೂ ರೈತಕೂಟಗಳ ಕೈಯಲ್ಲಿದೆ. ಬೇಲಿ ಅವರದು, ದನ ಅವರದು, ದಂಡವೂ ಅವರದೇ ಆಗಬಹುದಾದಾಗ, ಕರಾರಿಲ್ಲದೆ ಬಾಗಿಲು ತೆರೆಯಿರಿ ಎಂದು ಅವರನ್ನು ಕೇಳುವುದು ನ್ಯಾಯವಲ್ಲ.

ಗ್ರೌಬ್ಯುಂಡೆನ್‌ನ ಕಥೆ ಬೇರೆ. ಇಲ್ಲಿ ಕಾಡಿನ ಬಹುಪಾಲು ಊರಿನ ಪೌರಸಭೆಗಳ ಒಡೆತನದಲ್ಲಿದೆ. 1912ರಲ್ಲಿ ಜಾರಿಗೆ ಬಂದ ಸ್ವಿಸ್ ನಾಗರಿಕ ಸಂಹಿತೆಯ 699ನೆಯ ಕಲಮು, ಆಯಾ ಊರಿನ ವಾಡಿಕೆಗೆ ತಕ್ಕಂತೆ ಕಾಡಿಗೂ ಹುಲ್ಲುಗಾವಲಿಗೂ ಯಾರು ಬೇಕಾದರೂ ಹೋಗಬಹುದು ಎನ್ನುತ್ತದೆ. ಕಾಯ್ದೆಯಲ್ಲಿ "ವಾಡಿಕೆ" ಎಂಬ ಆ ಮಾತಿಗೆ ಜಾಗ ಸಿಕ್ಕಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ರಸ್ತೆ ಸಂಚಾರದ ಕಾಯ್ದೆ ಮಾತ್ರ, ಸೈಕಲ್ಲಿಗೆ ತಕ್ಕುದಲ್ಲದ ಕಾಲುದಾರಿಗಳಲ್ಲಿ ಸೈಕಲ್ ಹೊಡೆಯಬಾರದೆಂದು ಹೇಳುತ್ತದೆ. ಯಾವುದು ತಕ್ಕುದಲ್ಲ ಎಂಬ ಪ್ರಶ್ನೆಗೆ ಒಂದೊಂದು ಪ್ರಾಂತ ಒಂದೊಂದು ಉತ್ತರ ಕೊಟ್ಟುಕೊಂಡಿದೆ, ಗ್ರೌಬ್ಯುಂಡೆನ್ ಕೊಟ್ಟದ್ದು ಉದಾರವಾದ ಉತ್ತರ. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 1995ರಿಂದಲೂ 2 ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ ನಿಷಿದ್ಧವಾಗಿದೆ, ವಿನಾಯಿತಿಗಳಿದ್ದರೂ ಮೂಲ ನಿಯಮ ಅದೇ. ದಾರಿಯ ಅಗಲವನ್ನು ಅಳೆದು ಜನರ ನಡತೆಯನ್ನು ತೀರ್ಮಾನಿಸುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಅಗಲವಾದ ಜಲ್ಲಿ ರಸ್ತೆಯಲ್ಲೇ ಸೈಕಲ್ಲುಗಳು ಅಪಾಯದ ವೇಗ ಪಡೆಯುತ್ತವೆ; ಬೇರು ತುಂಬಿದ ಕಿರುದಾರಿ ತಾನಾಗಿಯೇ ನಮ್ಮ ವೇಗವನ್ನು ತಗ್ಗಿಸುತ್ತದೆ.

ಹಕ್ಕಿನ ಮಾತು ಇಷ್ಟಾದರೆ, ನಿತ್ಯದ ನಡವಳಿಕೆಯ ಮಾತು ಇನ್ನೂ ಮುಖ್ಯ. ಇಲ್ಲಿ ದಾರಿಯ ಮೊದಲ ಹಕ್ಕು ನಡೆಯುವವರದು. ಎದುರಿಗೆ ಯಾರಾದರೂ ಕಂಡರೆ ವೇಗ ತಗ್ಗಿಸಿ, ದಾರಿ ಇಕ್ಕಟ್ಟಾಗಿದ್ದರೆ ಇಳಿದು ನಿಂತು, ಅವರು ದಾಟಿದ ಮೇಲೆ ಹೊರಡುವುದು ಪದ್ಧತಿ. ಇದೇ ಪ್ರಾಂತದ ಎಂಗಾಡೀನ್ ಕಣಿವೆಯಲ್ಲಾದರೆ "ಅಲೆಗ್ರಾ" ಎಂದು ರೊಮಾನ್ಶ್ ಭಾಷೆಯಲ್ಲಿ ನಮಸ್ಕಾರ ಹೇಳದೆ ಯಾರೂ ಮುಂದೆ ಹೋಗುವುದಿಲ್ಲ. ತಿರುವುಗಳಲ್ಲಿ ಮುಂಚೆಯೇ ಸದ್ದು ಕೇಳಲೆಂದು ಹಿಡಿಕೆಗೆ ಪುಟ್ಟ ಗಂಟೆ ಕಟ್ಟಿಕೊಂಡವರಿದ್ದಾರೆ, ನಾನೂ ಕಟ್ಟಿಕೊಂಡಿದ್ದೇನೆ. ಹುಲ್ಲುಗಾವಲಿನ ಅಂಚಿನಲ್ಲಿ ದನ ದಾಟದಂತೆ ಹಾಕಿದ ಕಟ್ಟಿಗೆಯ ಬಾಗಿಲನ್ನು ತೆರೆದವರೇ ಮುಚ್ಚಬೇಕು. ಮೊದಲ ಸಲ ಅಂಥ ಬಾಗಿಲನ್ನು ಕಂಡಾಗ ನನಗೆ ಶಿರಸಿ ಸೀಮೆಯ ನಮ್ಮ ಮನೆಯ ಉಣುಗೋಲು, ಅಂದರೆ ಅಡ್ಡ ಗಳಗಳ ಬೇಲಿಬಾಗಿಲು, ನೆನಪಾಯಿತು. ಗಳ ಸರಿಸಿ ಒಳಗೆ ಬಂದು, ಹಾಗೆಯೇ ಬಿಟ್ಟು ಬಂದೆನೆಂದು ಅಪ್ಪಯ್ಯ ನನ್ನನ್ನು ಮತ್ತೆ ಅಷ್ಟು ದೂರ ಓಡಿಸಿದ್ದು ಇನ್ನೂ ಮರೆತಿಲ್ಲ. 2012ರಲ್ಲಿ ಕೂರ್ ಪಕ್ಕದ ಕಲಾಂಡಾ ಬೆಟ್ಟದಲ್ಲಿ ತೋಳಗಳ ಹಿಂಡೊಂದು ಮರಿ ಹಾಕಿದ ಮೇಲೆ, ಕುರಿ ಕಾಯುವ ದೊಡ್ಡ ನಾಯಿಗಳು ಈ ಹುಲ್ಲುಗಾವಲುಗಳಲ್ಲಿ ಹೆಚ್ಚಾಗಿವೆ. ಅವು ಎದುರಾದಾಗ ಸೈಕಲ್ಲಿನಿಂದ ಇಳಿದು, ಓಡದೆ, ಹಿಂಡನ್ನು ಸುತ್ತಿ ಬಳಸಿ ತಳ್ಳಿಕೊಂಡು ಹೋಗಬೇಕು. ಬೆಟ್ಟ ನಮ್ಮ ಆಟಕ್ಕೆಂದು ಇರುವುದಲ್ಲ, ಅಲ್ಲಿ ಇನ್ನೊಬ್ಬರ ಬದುಕು ನಡೆಯುತ್ತಿದೆ ಎಂಬುದನ್ನು ಆ ನಾಯಿಗಳು ಯಾವ ಫಲಕಕ್ಕಿಂತಲೂ ಚೆನ್ನಾಗಿ ತಿಳಿಸುತ್ತವೆ.

ಆದರೂ ಈ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿರುವುದು ಸೌಜನ್ಯವೊಂದೇ ಅಲ್ಲ, ದುರಸ್ತಿ. ಕಾಡುದಾರಿಯ ಮುಖ್ಯ ಶತ್ರು ನೀರು. ದಾರಿಯ ಏರು, ಅದು ಹಾಯುವ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ಸರಾಸರಿ ನೂರಕ್ಕೆ ಹತ್ತರ ಆಸುಪಾಸು ಇದ್ದರೆ ಬಾಳಿಕೆ ಬರುತ್ತದೆ ಎಂಬುದು ದಾರಿ ಕಟ್ಟುವವರ ಲೆಕ್ಕ. ಅದಕ್ಕಿಂತ ಕಡಿದಾದರೆ ಮಳೆನೀರು ಗುಡ್ಡ ಇಳಿಯುವ ಬದಲು ದಾರಿಯನ್ನೇ ಹಿಡಿದು ಓಡುತ್ತದೆ. ಬ್ರೇಕ್ ಹಿಡಿದು ಚಕ್ರ ಎಳೆದ ಒಂದು ಗೀರು ಸಾಕು, ಮುಂದಿನ ಮಳೆಯಲ್ಲಿ ಅದು ಕಾಲುವೆಯಾಗುತ್ತದೆ. ಕೊರಕಲನ್ನು ತಪ್ಪಿಸಲು ಜನ ಪಕ್ಕದಲ್ಲಿ ತುಳಿಯುತ್ತಾರೆ, ದಾರಿ ಅಗಲವಾಗುತ್ತ ಹೋಗಿ ಬೇರುಗಳು ಬರಿದಾಗುತ್ತವೆ. ಆದ್ದರಿಂದ ದಾರಿಯನ್ನು ಕಣಿವೆಯ ಕಡೆಗೆ ತುಸು ಓರೆ ಮಾಡುತ್ತಾರೆ, ಅಲ್ಲಲ್ಲಿ ಸಣ್ಣ ಏರು ಬಿಟ್ಟು ನೀರನ್ನು ಹೊರಗೆ ತಿರುಗಿಸುತ್ತಾರೆ, ಬೇಗ ಕೊಳೆಯದ ಲಾರ್ಚ್ ಮರದ ತೊಲೆಗಳನ್ನು ಅಡ್ಡ ಹೂತು ಅಡ್ಡಗಾಲುವೆ ಮಾಡುತ್ತಾರೆ. ಹಿಮ ಕರಗಿದ ಮೇಲೆ ಆ ಕಾಲುವೆಗಳಲ್ಲಿ ತುಂಬಿದ ಮಣ್ಣನ್ನು ತೆಗೆಯುವ ದಿನ ಬರುತ್ತದೆ. ಪ್ರತಿವರ್ಷ ಅಂಥ ಒಂದು ದಿನ ನಾನೂ ಗುದ್ದಲಿ ಹಿಡಿದು ಹೋಗುತ್ತೇನೆ. ನಡೆಯುವವರೂ ಸೈಕಲ್ಲಿನವರೂ ಒಂದೇ ಕಾಲುವೆಯ ಮಣ್ಣು ಎತ್ತುವಾಗ ದಾರಿ ಯಾರದೆಂಬ ಜಗಳ ಬಹಳ ಕಡಿಮೆಯಾಗುತ್ತದೆ.

ಸರ್ಕಾರವೂ ತನ್ನ ಪಾಲಿನ ಹೊಣೆ ಹೊತ್ತಿದೆ. ಸುಮಾರು 65,000 ಕಿಲೋಮೀಟರ್ ಉದ್ದದ ಸ್ವಿಸ್ ಕಾಲುದಾರಿ ಜಾಲಕ್ಕೆ 1979ರಲ್ಲಿ ಸಂವಿಧಾನದ ಆಸರೆ ಸಿಕ್ಕಿತು; ಒಂದು ದಾರಿಯನ್ನು ಅಳಿಸಿದವರು ಬದಲಿ ದಾರಿ ಕೊಡಬೇಕೆಂಬ ಕಾಯ್ದೆಯೂ ಆಮೇಲೆ ಬಂತು. 2018ರ ಸೆಪ್ಟೆಂಬರಿನಲ್ಲಿ ನಡೆದ ಜನಮತದಲ್ಲಿ ನೂರಕ್ಕೆ 73.6ರಷ್ಟು ಮತದಾರರು ಸೈಕಲ್ ದಾರಿಗಳಿಗೂ ಅದೇ ಆಸರೆ ಇರಲಿ ಎಂದರು. 2023ರ ಜನವರಿ 1ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಪ್ರಾಂತಗಳು 2027ರ ಕೊನೆಯೊಳಗೆ, ಮೌಂಟನ್ ಬೈಕ್ ದಾರಿಗಳೂ ಸೇರಿದಂತೆ, ತಮ್ಮ ಜಾಲದ ನಕ್ಷೆ ಸಿದ್ಧಪಡಿಸಿ, 2042ರೊಳಗೆ ಅದನ್ನು ಕಾರ್ಯಗತಗೊಳಿಸಬೇಕು.

ಇಲ್ಲಿ ಎಲ್ಲವೂ ಮುಕ್ತವೆಂದು ಯಾರೂ ತಿಳಿಯಬಾರದು. 1914ರಲ್ಲಿ ಹುಟ್ಟಿದ, ಸುಮಾರು 170 ಚದರ ಕಿಲೋಮೀಟರಿನ ಸ್ವಿಸ್ ರಾಷ್ಟ್ರೀಯ ಉದ್ಯಾನ ಇದೇ ಪ್ರಾಂತದಲ್ಲಿದೆ. ಅದರೊಳಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ, ನಡೆಯುವವರೂ ದಾರಿ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಚಳಿಗಾಲದಲ್ಲಿ ಜಿಂಕೆಗಳೂ ಕಾಡುಕೋಳಿ ಜಾತಿಯ ಹಕ್ಕಿಗಳೂ ಬೆದರದಿರಲೆಂದು ಕಾಡಿನ ಕೆಲವು ಭಾಗಗಳನ್ನು ಮುಚ್ಚುತ್ತಾರೆ. 2018ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್ ನಡೆದ ಲೆನ್ಸರ್‌ಹೈಡೆಯಲ್ಲಿ ವೇಗದ ಇಳಿತಕ್ಕೆ ಬೇರೆಯೇ ಪಥಗಳಿವೆ. ಇದೇ ಪ್ರಾಂತದ ಹಳ್ಳಿಯ ಹುಡುಗ ನೀನೋ ಶುರ್ಟರ್ ಅಂದು ತನ್ನ ನೆಲದಲ್ಲೇ ಚಿನ್ನ ಗೆದ್ದ ಊರು ಅದು. ವಿದ್ಯುತ್ ಸೈಕಲ್ಲು ಬಂದ ಮೇಲೆ, ಬೆಟ್ಟ ಹತ್ತಿ ಕಲಿಯದವರೂ ಎತ್ತರಕ್ಕೆ ಬಂದು ಇಳಿಯಲು ಪರದಾಡುವುದನ್ನು ಕಾಣುತ್ತಿದ್ದೇನೆ. ಕೆಲವು ಜನಪ್ರಿಯ ದಾರಿಗಳಲ್ಲಿ ಭಾನುವಾರದ ಗದ್ದಲ ಈ ಹಂಚಿಕೆಯ ತಾಳ್ಮೆಯನ್ನು ಸವೆಸುತ್ತಿದೆ. ಅಂಥ ಕಡೆ ದಾರಿ ಬೇರ್ಪಡಿಸುವುದೇ ಸರಿ.

ನಮ್ಮ ಮಲೆನಾಡಿಗೆ ಇದನ್ನು ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ. ಆನೆ, ಹುಲಿ, ಕಾಟಿಗಳಿರುವ ಕಾಡಿಗೆ ಸೈಕಲ್ ಬಿಡಬೇಕೆಂಬ ವಾದವನ್ನು ನಾನು ಎಂದೂ ಮಾಡಲಾರೆ. ನಾಲ್ಕು ತಿಂಗಳ ಜಡಿಮಳೆಯನ್ನು ಇಲ್ಲಿಯ ಮಳೆಗೆ ಹೋಲಿಸುವುದೂ ತಪ್ಪು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದಾಗ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಆ ಕ್ಷಣಕ್ಕೆ ಅದು ಬೇಕಾಗಿತ್ತು. ಆದರೆ ಮುಚ್ಚುವುದು ಮತ್ತು ಟಿಕೇಟು ಕೊಡುವುದು ಈ ಎರಡರಲ್ಲಿ, ದಾರಿಯನ್ನು ಯಾರು ದುರಸ್ತಿ ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರ ನಮ್ಮಲ್ಲೇ ಇತ್ತು. ಉತ್ತರ ಕನ್ನಡದ ಅಡಕೆ ಬೆಳೆಗಾರರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸೌಲಭ್ಯವಿದೆ; ಹಿಂದೆ ಆ ಬೆಟ್ಟದ ದಾರಿಯೂ ಅವರ ಕಾಳಜಿಯೊಳಗೇ ಇರುತ್ತಿತ್ತು. ಮೊದಲ ಮಳೆಗೆ ಮುಂಚೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬರುವ ಮುಯ್ಯಾಳುಗಳು ಸೇರಿ ದಾರಿಗೆ ಅಡ್ಡಗಾಲುವೆ ಕಡಿದು, ಹಳ್ಳಕ್ಕೆ ಅಡಕೆ ದಬ್ಬೆಯ ಸಂಕ (ಕಿರುಸೇತುವೆ) ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಗೂ ಜಾತ್ರೆಗೂ ನಾವು ನಡೆದ ಅಂಥ ಎಷ್ಟೋ ದಾರಿಗಳು, ಅಭಯಾರಣ್ಯಗಳ ಹೊರಗೆ, ಊರಿಂದೂರಿಗೆ, ಲಂಟಾನದಡಿ ಮುಚ್ಚಿಹೋಗಿವೆ. ಒಂದು ಗ್ರಾಮ ಪಂಚಾಯಿತಿ ಮುಂದೆ ಬಂದು, ಅರಣ್ಯ ಇಲಾಖೆಯ ಒಪ್ಪಿಗೆಯೊಡನೆ ಅಂಥ ಎರಡೋ ಮೂರೋ ದಾರಿಗಳನ್ನು ನಕ್ಷೆಗಿಳಿಸಿ, ಮಳೆಗಾಲದಲ್ಲಿ ಮುಚ್ಚಿ, ಅಕ್ಟೋಬರ್ ಮುಗಿದ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದು, ಬರುವ ಶುಲ್ಕವನ್ನು ಕಾಲುವೆ ಕಡಿಯುವ ಊರಿನವರ ಕೂಲಿಗೇ ಕೊಡಲಿ ಎಂಬುದು ನನ್ನ ಕೋರಿಕೆ. ಮುಂದಿನ ಮೇ ತಿಂಗಳಲ್ಲಿ ಊರಿಗೆ ಬಂದಾಗ ಮೂರು ವಾರ ಇರುತ್ತೇನೆ. ಯಾವ ಪಂಚಾಯಿತಿಯವರು ಕರೆದರೂ ಗುದ್ದಲಿ ಹಿಡಿದು ಬರಲು ಸಿದ್ಧನಿದ್ದೇನೆ.