ಸ್ಪಷ್ಟನೆ: ರೂಟರ್ ಆರಿಸಿ ಮಲಗಿದರೆ ಸಾಲದು
‘ಹಾಸನದ ಮನೆಗಳ ವೈಫೈ ಮೇಲೆ ಹ್ಯಾಕರ್‌ಗಳು ಕಣ್ಣು ಹಾಕಿದ್ದಾರೆ, ರಾತ್ರಿ ರೂಟರ್ ಆರಿಸಿ ಮಲಗಿದರೆ ಸಾಕು’ ಎಂಬ ಸಂದೇಶ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಕದ ತಟ್ಟುತ್ತಿರುವುದು ಮನುಷ್ಯರಲ್ಲ, ತಂತ್ರಾಂಶ. ಇಂಟರ್ನೆಟ್‌ಗೆ ಸೇರಿದ ಉಪಕರಣಗಳಿಗೆ ಸಂಖ್ಯೆಯ ವಿಳಾಸ ಕೊಡುವ ಐಪಿವಿ4 ವ್ಯವಸ್ಥೆಯ ಸುಮಾರು 430 ಕೋಟಿ ವಿಳಾಸಗಳನ್ನು ಅದು ತಡಕುತ್ತಲೇ ಇರುತ್ತದೆ. ಅದಕ್ಕೆ ಹಾಸನವೂ ಒಂದೇ, ಹಾಲೆಂಡೂ ಒಂದೇ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ರೂಟರ್, ಕ್ಯಾಮೆರಾಗಳಂಥ ಉಪಕರಣಗಳಿಗೆ ಹಬ್ಬಿದ್ದು ಹೀಗೆಯೇ. ಅದರ ಕೈಯಲ್ಲಿ ಇದ್ದದ್ದು ಕಾರ್ಖಾನೆಯಲ್ಲೇ ಹಾಕಿದ, ಯಾರೂ ಬದಲಿಸದ ಸುಮಾರು 60 ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳು, ಅಷ್ಟೇ.

ಉಪಕರಣ ಆರಿಸಿದರೆ ಮಿರಾಯ್ ಅಳಿಸಿಹೋಗುತ್ತಿತ್ತು, ನಿಜ. ಅದು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇರುತ್ತಿತ್ತು. ಆದರೆ ಹಳೆಯ ಪಾಸ್‌ವರ್ಡೇ ಉಳಿದಿದ್ದರೆ, ಮತ್ತೆ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮರಳಿ ಬಂದು ಕೂರಬಹುದಿತ್ತು. (ಕರೆಂಟ್ ಹೋಗುವುದೇ ರಕ್ಷಣೆಯಾಗಿದ್ದರೆ ಮಳೆಗಾಲದ ಸಕಲೇಶಪುರಕ್ಕಿಂತ ಸುರಕ್ಷಿತ ಊರು ಇರುತ್ತಿರಲಿಲ್ಲ.) ಬದಲಿಸಬೇಕಾದದ್ದು ವೈಫೈ ಪಾಸ್‌ವರ್ಡ್ ಮಾತ್ರವಲ್ಲ, ರೂಟರ್‌ನ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಕೂಡ.

ರೂಟರ್ ಆರಿಸಿದರೆ ಇಮೇಲ್ ಖಾತೆಗೂ ರಕ್ಷಣೆ ಸಿಗದು; ಅದು ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ರೂಟರ್‌ನಲ್ಲಲ್ಲ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಬಾಟ್‌ಗಳು (ತಾವಾಗಿಯೇ ಕೆಲಸ ಮಾಡುವ ತಂತ್ರಾಂಶಗಳು) ನೀವು ಮಲಗಿದ್ದಾಗಲೂ ಬೇರೆಡೆ ಪ್ರಯೋಗಿಸುತ್ತವೆ. ಅದಕ್ಕೆ ಖಾತೆಗೊಂದು ಪಾಸ್‌ವರ್ಡ್, ಜೊತೆಗೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್‌ನಂಥ ಇನ್ನೊಂದು ಪುರಾವೆ) ಬೇಕು.